ಬಿಳಿ ಚೂರು, ಚಹಾ ಬಣ್ಣ, ಖಾಲಿ ಫಿಲ್ಮ್: ಮನೆಯಲ್ಲಿ ಬೆರೆಸಿದ ಡಿ-76 ಎಲ್ಲಿ ಕೈಕೊಡುತ್ತದೆ

ಪ್ರಶ್ನೆ: ಕಪ್ಪು-ಬಿಳುಪು ಫಿಲ್ಮ್ ತೊಳೆಯಲು, ಅಂದರೆ ಅದರಲ್ಲಿ ಅಡಗಿದ ಚಿತ್ರವನ್ನು ಹೊರತರಲು, ಡಿ-76 ಡೆವಲಪರನ್ನು ಬಿಡಿ ರಾಸಾಯನಿಕಗಳಿಂದ ಮನೆಯಲ್ಲೇ ಎರಡು ಸಲ ಮಾಡಿದೆ. ಮೊದಲ ಸಲ, ತೂಕದಲ್ಲಿ ದೊಡ್ಡದು ಅಂತ ಸೋಡಿಯಂ ಸಲ್ಫೈಟನ್ನು ಮೊದಲು ಕರಗಿಸಿ ಆಮೇಲೆ ಮೆಟೋಲ್ ಹಾಕಿದೆ. ಬಿಳಿ ಚೂರುಗಳು ತೇಲಿದವು, ಎಷ್ಟು ಕಲಕಿದರೂ ಹೋಗಲಿಲ್ಲ. ಕಾಗದದಲ್ಲಿ ಸೋಸಿ ಬಳಸಿದೆ, ನೆಗೆಟಿವ್ ತೀರಾ ತೆಳುವಾಗಿ ಬಂತು. ವಾರದ ನಂತರ ಅದೇ ಬಾಟಲಿಯ ತಳದಲ್ಲಿ ನುಣ್ಣನೆಯ ಬಿಳಿ ಗಸಿ ಕೂತಿತ್ತು. ಎರಡನೇ ಸಲ ಹೊಸ ಸಲ್ಫೈಟ್ ಪೊಟ್ಟಣ ತಂದು, ಮೆಟೋಲ್ ಮೊದಲು ಹಾಕಿ ಮಾಡಿದೆ. ದ್ರಾವಣ ಗಾಜಿನಂತೆ ತಿಳಿಯಾಗಿತ್ತು. ಮರುದಿನ ಚಹಾ ಬಣ್ಣಕ್ಕೆ ತಿರುಗಿತು, ಅದರಲ್ಲಿ ತೊಳೆದ ಫಿಲ್ಮ್ ಖಾಲಿ, ಅಂಚಿನ ಅಂಕಿಗಳೂ ಹುಡುಕಿದರೆ ಕಾಣುವಷ್ಟು ಮಸುಕು. ನಲ್ಲಿ ನೀರು ಬಳಸಿದ್ದೇನೆ, ತಕ್ಕಡಿ 1 ಗ್ರಾಂ ತೋರಿಸುವಂಥದ್ದು. ಎರಡು ಸಲವೂ 20 ಡಿಗ್ರಿಯಲ್ಲಿ, ನೀರು ಬೆರೆಸದೆ, ಫಿಲ್ಮಿಗೆ ಹೇಳಿದಷ್ಟೇ ಸಮಯ ತೊಳೆದೆ. ತಪ್ಪು ಎಲ್ಲಿ?

ಉತ್ತರ: ನೀವು ಒಂದೇ ತಪ್ಪು ಹುಡುಕುತ್ತಿದ್ದೀರಿ, ಇಲ್ಲಿ ಇರುವುದು ಮೂರು. ಮೊದಲ ಬಾಟಲಿ ಕೆಟ್ಟದ್ದು ಹಾಕಿದ ಕ್ರಮದಿಂದ ಮತ್ತು ಸೋಸಿದ್ದರಿಂದ. ತಳದ ಗಸಿ ನಿಮ್ಮ ನೀರಿನದು, ಅದಕ್ಕೂ ತೆಳು ನೆಗೆಟಿವ್‌ಗೂ ಸಂಬಂಧವಿಲ್ಲ. ಎರಡನೇ ಬಾಟಲಿಯಲ್ಲಿ ಕ್ರಮ ಸರಿಯಿತ್ತು, ಆದರೆ ಹೊಸ ಪೊಟ್ಟಣದಲ್ಲಿದ್ದದ್ದು ಸಲ್ಫೈಟ್ ಅಲ್ಲ. ಅದು ಸಲ್ಫೇಟ್ ಎಂದು ಬಹುಪಾಲು ಖಚಿತವಾಗಿ ಹೇಳಬಹುದು, ಯಾಕೆಂದು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ಸೂತ್ರವನ್ನು ಎದುರಿಗೆ ಇಟ್ಟುಕೊಳ್ಳೋಣ. ಕೊಡಾಕ್ ಪ್ರಯೋಗಾಲಯದಿಂದ 1927ರಲ್ಲಿ ಬಂದ ಡಿ-76ರ ಪ್ರಕಟಿತ ಅಳತೆ ಹೀಗಿದೆ: ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ನೀರು 750 ಮಿಲಿಲೀಟರ್, ಮೆಟೋಲ್ 2 ಗ್ರಾಂ, ಜಲರಹಿತ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ, ಕೊನೆಗೆ ತಣ್ಣೀರು ಸೇರಿಸಿ 1 ಲೀಟರ್. ಇಲ್ಫರ್ಡ್‌ನ ಐಡಿ-11ರ ಪ್ರಕಟಿತ ಸೂತ್ರವೂ ಇದೇ. ಬರೆದಿರುವ ಸಾಲು ಅಂದವಾಗಿ ಕಾಣಲೆಂದು ಮಾಡಿದ್ದಲ್ಲ, ಅದೇ ಹಾಕುವ ಕ್ರಮ. ಅಂಗಡಿಯ ಪೊಟ್ಟಣವನ್ನು ಒಂದೇ ಸಲ ನೀರಿಗೆ ಸುರಿಯುತ್ತೇವಲ್ಲ ಎಂದರೆ, ಒಂದೇ ಪೊಟ್ಟಣದಲ್ಲಿ ಬರುವ ಪುಡಿ ಹಾಗೆ ಸುರಿಯಲೆಂದೇ ಹದ ಮಾಡಿದ್ದು. ಬಿಡಿ ಪುಡಿಗಳಿಗೆ ಆ ಸಲುಗೆ ಇಲ್ಲ.

ಈಗ ಬಿಳಿ ಚೂರುಗಳ ವಿಷಯ. ಮೆಟೋಲ್ ಬರಿಯ ಬೆಚ್ಚನೆ ನೀರಿನಲ್ಲಿ ಒಂದೆರಡು ನಿಮಿಷದಲ್ಲಿ ಕರಗುತ್ತದೆ. ಆದರೆ ಲೀಟರಿಗೆ 100 ಗ್ರಾಂ ಸಲ್ಫೈಟ್ ಇರುವ ನೀರಿಗೆ ಹಾಕಿದರೆ ಅದು ಕರಗಲು ಮನಸ್ಸು ಮಾಡುವುದಿಲ್ಲ. ದಟ್ಟ ಸಲ್ಫೈಟಿನಲ್ಲಿ ಅದು ಬಿಳಿ ಚೂರುಗಳಾಗಿ ಬೇರ್ಪಟ್ಟು ತೇಲುತ್ತದೆ. ಹಾಗಾದರೆ ಸಲ್ಫೈಟನ್ನು ಆಮೇಲೆ ಹಾಕಿದಾಗ ಕರಗಿದ ಮೆಟೋಲ್ ಯಾಕೆ ಹೊರಬೀಳುವುದಿಲ್ಲ? ಏಕೆಂದರೆ 2 ಗ್ರಾಂನಷ್ಟು ಮೆಟೋಲನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಆ ದ್ರಾವಣಕ್ಕೆ ಇದೆ, ಹೊಸದಾಗಿ ಕರಗಿಸಿಕೊಳ್ಳುವ ಚುರುಕು ಮಾತ್ರ ಇಲ್ಲ. ಇದರಿಂದ ಸಿಗುವ ಉಪಾಯ ಏನೆಂದರೆ, ಚೂರು ಕಂಡಾಗ ಸೋಸಬಾರದು. ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟು, ದ್ರಾವಣವನ್ನು 50 ಡಿಗ್ರಿಯ ಆಸುಪಾಸಿನಲ್ಲೇ ಉಳಿಸಿಕೊಂಡು, ಅರ್ಧ ಗಂಟೆ ನಿಧಾನವಾಗಿ ಕಲಕಿದರೆ ಸಾಮಾನ್ಯವಾಗಿ ಕರಗಿಹೋಗುತ್ತದೆ.

ನೀವು ಸೋಸಿದಿರಿ. ಕಾಗದದ ಮೇಲೆ ಉಳಿದದ್ದು ಕಸ ಅಲ್ಲ, ಡೆವಲಪರಿನ ಜೀವ. ಈ ಸೂತ್ರದಲ್ಲಿ ಮೆಟೋಲ್ ಬೆಳ್ಳಿಯ ಹರಳುಗಳ ಮೇಲೆ ಕೆಲಸ ಮಾಡುತ್ತದೆ, ಹೈಡ್ರೋಕ್ವಿನೋನ್ ಹಿಂದೆ ನಿಂತು ದಣಿದ ಮೆಟೋಲನ್ನು ಮತ್ತೆ ಎಬ್ಬಿಸುತ್ತದೆ. ಡಿ-76ರಷ್ಟು ಮೆದು ಕ್ಷಾರದಲ್ಲಿ ಹೈಡ್ರೋಕ್ವಿನೋನ್ ಒಂದೇ ಇದ್ದರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಕರಗಿ ಕೆಳಗಿಳಿದ ಅಷ್ಟಿಷ್ಟು ಮೆಟೋಲ್ ನಿಮಗೆ ಆ ತೆಳು ನೆಗೆಟಿವನ್ನಾದರೂ ಕೊಟ್ಟಿತು.

ಇದಕ್ಕೆ ಎದುರಿನ ತಪ್ಪೂ ಒಂದಿದೆ. ಮೆಟೋಲ್ ಮೊದಲು ಎಂದು ಕೇಳಿ, ಬರಿ ನೀರಿಗೆ ಹಾಕಿ, ಸಲ್ಫೈಟ್ ತೂಗಲು ಹೋಗಿ ಹತ್ತು ನಿಮಿಷ ಕಳೆದರೆ ಬೆಚ್ಚನೆ ನೀರಿನಲ್ಲಿ ಮೆಟೋಲ್ ಗಾಳಿಗೆ ಕಂದತೊಡಗುತ್ತದೆ. ಅದಕ್ಕೇ ಮೊದಲು ಒಂದು ಚಿಟಿಕೆ ಸಲ್ಫೈಟ್ ಹಾಕುವ ರೂಢಿ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಆ ಚಿಟಿಕೆ ಹೀರಿಕೊಳ್ಳುತ್ತದೆ. ಚಿಟಿಕೆ ಎಂದರೆ ಅರ್ಧ ಗ್ರಾಂನಷ್ಟು, ಅದನ್ನು ಅಳೆಯುವ ಅಗತ್ಯವಿಲ್ಲ. ಒಳ್ಳೆಯದಕ್ಕೇ ಅಲ್ಲವೇ ಎಂದು ದೊಡ್ಡ ಚಮಚ ತುಂಬ ಹಾಕಿದರೆ ಮತ್ತೆ ಹಳೆಯ ಚೂರಿನ ಕಥೆ. ಯಾವುದೇ ಪುಡಿ ನೀರಿಗೆ ಬೀಳುವ ಮುಂಚೆ ನಾಲ್ಕೂ ಪುಡಿಗಳನ್ನು ತೂಗಿ ಕಾಗದದ ಮೇಲೆ ಸಾಲಾಗಿ, ಹೆಸರು ಬರೆದು ಇಟ್ಟಿರಬೇಕು.

ತಳದ ಗಸಿಗೆ ಬರೋಣ. ನಲ್ಲಿ ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ ಸಲ್ಫೈಟಿನ ಜೊತೆ ಸೇರಿ ಕರಗದ ಬಿಳಿ ಪುಡಿಯಾಗುತ್ತದೆ. ಅದು ಕೂಡಲೇ ಕಾಣಿಸದೆ ದಿನಗಳ ಮೇಲೆ ಕೂರುವುದೂ ಉಂಟು. ಮೆಟೋಲ್ ಚೂರು ಬೆರೆಸುವಾಗಲೇ ಹುಟ್ಟುತ್ತದೆ, ಹಗುರ, ತೇಲಾಡುತ್ತದೆ, ಬಿಸಿ ಮಾಡಿದರೆ ಕರಗುತ್ತದೆ. ಕ್ಯಾಲ್ಸಿಯಂ ಗಸಿ ಹಿಟ್ಟಿನಷ್ಟು ನುಣ್ಣಗಿರುತ್ತದೆ, ತಳ ಹಿಡಿಯುತ್ತದೆ, ಬಿಸಿಗೆ ಜಗ್ಗುವುದಿಲ್ಲ. ಇದನ್ನು ಧಾರಾಳವಾಗಿ ಸೋಸಬಹುದು, ಡೆವಲಪರಿನ ಶಕ್ತಿಗೆ ಧಕ್ಕೆಯಿಲ್ಲ. ಸೋಸದೆ ಬಿಟ್ಟರೆ ಫಿಲ್ಮಿನ ಮೇಲೆ ಅಂಟಿಕೊಂಡು ಪ್ರಿಂಟಿನಲ್ಲಿ ಚುಕ್ಕಿಗಳಾಗುತ್ತವೆ. ಬಟ್ಟಿ ಇಳಿಸಿದ ನೀರು ಬಳಸಿದರೆ ಸಮಸ್ಯೆಯೇ ಇಲ್ಲ. ಸಿಗದಿದ್ದರೆ ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿ ಆರಿಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಗಡಸಿನ ಒಂದು ಪಾಲು ತಳದಲ್ಲಿ ಉಳಿಯುತ್ತದೆ, ಕರಗಿದ ಗಾಳಿಯೂ ಹೊರಹೋಗುತ್ತದೆ. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಇದ್ದರೆ ಲೀಟರಿಗೆ 1ರಿಂದ 2 ಗ್ರಾಂ ಎಲ್ಲಕ್ಕಿಂತ ಮೊದಲು ಕರಗಿಸಿದರೆ ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ.

ಸೋಸುವುದೋ ಬೇಡವೋ ಎಂಬ ಅನುಮಾನಕ್ಕೆ ಇದಕ್ಕಿಂತ ಉದ್ದದ ಉತ್ತರ ಬೇಕಿಲ್ಲ: ಬೆರೆಸುವಾಗ ಕಂಡದ್ದನ್ನು ಕರಗಿಸಿ, ಆಮೇಲೆ ಕೂತದ್ದನ್ನು ಸೋಸಿ.

ಇನ್ನು ಎರಡನೇ ಬಾಟಲಿ, ಅಸಲಿ ವಿಷಯ ಇಲ್ಲಿದೆ. ಡಿ-76ರಲ್ಲಿ ಸಲ್ಫೈಟ್ ಬರಿ ಕಾವಲುಗಾರ ಎಂದು ಹಲವರು ತಿಳಿದಿರುತ್ತಾರೆ. ಗಾಳಿಯಿಂದ ಕಾಯುವುದು ಅದರ ಒಂದು ಕೆಲಸ ಮಾತ್ರ. ಡೆವಲಪರಿಗೆ ಬೇಕಾದ ಕ್ಷಾರದ ದೊಡ್ಡ ಪಾಲನ್ನು ಕೊಡುವುದೂ ಅದೇ. ಲೆಕ್ಕ ನೋಡಿ: ಮೆಟೋಲ್ ಎಂಬುದು ಗಂಧಕಾಮ್ಲದ ಲವಣ, ಆ ಆಮ್ಲವನ್ನು ಅದು ಜೊತೆಗೇ ಹೊತ್ತು ತರುತ್ತದೆ. 2 ಗ್ರಾಂ ಮೆಟೋಲಿನ ಆಮ್ಲವನ್ನು ತಟಸ್ಥಗೊಳಿಸಲು ಸುಮಾರು 2.2 ಗ್ರಾಂ ಬೋರಾಕ್ಸ್ ಬೇಕು. ಸೂತ್ರದಲ್ಲಿ ಇರುವುದು 2 ಗ್ರಾಂ. ಅಂದರೆ ಸಲ್ಫೈಟ್ ಇಲ್ಲದಿದ್ದರೆ ಬೋರಾಕ್ಸ್ ಪೂರ್ತಿ ಮೆಟೋಲಿನ ಸಾಲ ತೀರಿಸುವುದರಲ್ಲೇ ಮುಗಿದುಹೋಗುತ್ತದೆ, ಡೆವಲಪ್ ಮಾಡಲು ಕ್ಷಾರವೇ ಉಳಿಯುವುದಿಲ್ಲ. ಸರಿಯಾದ ಡಿ-76ರ ಪಿಎಚ್ 8.5ರ ಆಸುಪಾಸು ಇರಬೇಕು. ಸಲ್ಫೈಟಿನ ಜಾಗದಲ್ಲಿ ಸಲ್ಫೇಟ್ ಬಿದ್ದರೆ ಅದು 7ರ ಹತ್ತಿರವೋ ಅದಕ್ಕೂ ಕೆಳಗೋ ನಿಲ್ಲುತ್ತದೆ. ಕಾವಲೂ ಇಲ್ಲ, ಕ್ಷಾರವೂ ಇಲ್ಲ. ಕಾವಲಿಲ್ಲದ್ದಕ್ಕೆ ದ್ರಾವಣ ಮರುದಿನ ಕಂದುಬಣ್ಣಕ್ಕೆ ತಿರುಗಿತು, ಕ್ಷಾರವಿಲ್ಲದ್ದಕ್ಕೆ ಫಿಲ್ಮ್ ಖಾಲಿ ಬಂತು. ನೀವು ಕೊಟ್ಟ ಎರಡೂ ಗುರುತುಗಳು ಕೂಡುವುದು ಇಲ್ಲೇ.

ಸಲ್ಫೈಟಿನ ಬದಲು ಮೆಟಾಬೈಸಲ್ಫೈಟ್ ಬಂದಿದ್ದರೆ ಗುರುತು ಬೇರೆ ಇರುತ್ತಿತ್ತು. ಆಗಲೂ ಫಿಲ್ಮ್ ಖಾಲಿ, ಏಕೆಂದರೆ ಅದು ಆಮ್ಲೀಯ. ಆದರೆ ದ್ರಾವಣ ದಿನಗಟ್ಟಲೆ ತಿಳಿಯಾಗಿಯೇ ಇರುತ್ತದೆ, ಬಾಟಲಿ ತೆರೆದರೆ ಉರಿದ ಬೆಂಕಿಕಡ್ಡಿಯ ಘಾಟು ಮೂಗಿಗೆ ಹೊಡೆಯುತ್ತದೆ. ಉಬ್ಬಸ ಇರುವವರು ಆ ಘಾಟಿನಿಂದ ದೂರ ಇರಬೇಕು. ಸಲ್ಫೈಡ್ ಎಂಬ ಮೂರನೇ ಸೋದರನಂತೂ ಮನೆಗೇ ಬರಬಾರದು. ಕೊಳೆತ ಮೊಟ್ಟೆಯ ವಾಸನೆ, ಹಳದಿ ಪದರಗಳು, ಆಮ್ಲ ತಾಗಿದರೆ ವಿಷಾನಿಲ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಆದ್ದರಿಂದ ಕೈಬರಹದ ಚೀಟಿ ಅಂಟಿಸಿದ ಪೊಟ್ಟಣವನ್ನು ನಂಬುವ ಮಾತೇ ಇಲ್ಲ.

ಪರೀಕ್ಷೆ ಸುಲಭ, ಬೇಕಾದದ್ದು ಪಿಎಚ್ ಕಾಗದ ಮತ್ತು ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ. ಅನುಮಾನದ ಪುಡಿ 1 ಗ್ರಾಂ ತೆಗೆದು 1 ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ. ಪಿಎಚ್ ಕಾಗದ ಅದ್ದಿ ನೋಡಿದರೆ ಸಲ್ಫೈಟ್ 9ರ ಆಸುಪಾಸು ತೋರಿಸುತ್ತದೆ, ಸಲ್ಫೇಟ್ ನೀರಿನಂತೆ ತಟಸ್ಥ, ಮೆಟಾಬೈಸಲ್ಫೈಟ್ 4-5. ಆಮೇಲೆ ಆ ದ್ರಾವಣದಿಂದ 5 ಮಿಲಿಲೀಟರ್ ಬೇರೆ ತೆಗೆದು, ಸೂಜಿಯಿಲ್ಲದ ಸಿರಿಂಜಿನಿಂದ ಶೇಕಡಾ 10ರ ಪೊವಿಡೋನ್ ಅಯೋಡಿನನ್ನು ತೊಟ್ಟುತೊಟ್ಟಾಗಿ ಬಿಡುತ್ತಾ ಹೋಗಿ. ಸಲ್ಫೈಟ್ ಇರುವವರೆಗೆ ಕಂದು ಬಣ್ಣ ಬಿದ್ದ ಕೂಡಲೇ ಮಾಯವಾಗುತ್ತದೆ. ಶುದ್ಧ ಜಲರಹಿತ ಸಲ್ಫೈಟಾದರೆ ಬಣ್ಣ ನಿಲ್ಲುವ ಹೊತ್ತಿಗೆ ಸುಮಾರು 1 ಮಿಲಿಲೀಟರ್ ಖರ್ಚಾಗಿರುತ್ತದೆ. ಸಲ್ಫೇಟಾದರೆ ಮೊದಲ ತೊಟ್ಟೇ ಹಾಗೇ ಕಂದಾಗಿ ನಿಲ್ಲುತ್ತದೆ. ನಿಮ್ಮ ಹೊಸ ಪೊಟ್ಟಣ ಹೀಗೇ ಮಾಡುತ್ತದೆ ಎಂಬುದು ನನ್ನ ಅಂದಾಜು. ಅಯೋಡಿನ್ ಶೇಕಡಾ 5ರದ್ದಾಗಿದ್ದರೆ 1ರ ಬದಲು 2 ಮಿಲಿಲೀಟರ್ ಎಂದು ಲೆಕ್ಕ ಹಿಡಿಯಿರಿ.

ಈ ಪರೀಕ್ಷೆ ಹಳೆಯ ಸಲ್ಫೈಟಿಗೂ ಒರೆಗಲ್ಲು. ಮುಚ್ಚಳ ಸಡಿಲವಾಗಿದ್ದ ಡಬ್ಬಿಯಲ್ಲಿ ಸಲ್ಫೈಟ್ ತೇವ ಹಿಡಿದು, ಗಾಳಿಯ ಆಮ್ಲಜನಕ ಸೇರಿ, ನಿಧಾನವಾಗಿ ತಾನೇ ಸಲ್ಫೇಟ್ ಆಗುತ್ತಾ ಬರುತ್ತದೆ. ನೋಡಲು ಬಿಳಿಯೇ, ತೂಕವೂ ಮೋಸ ಹೇಳುತ್ತದೆ. ಅಯೋಡಿನ್ ಅರ್ಧ ಮಿಲಿಲೀಟರಿಗೇ ನಿಂತರೆ ಪುಡಿಯ ಅರ್ಧ ಹೋಗಿದೆ ಎಂದರ್ಥ. ಶೇಕಡಾ 10ರಷ್ಟು ಕಡಿಮೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಮನೆಯ ಅಳತೆಯಲ್ಲಿ ಅಷ್ಟು ಏರುಪೇರು ಇದ್ದೇ ಇರುತ್ತದೆ, ಕರಗಿಸಿದ ನೀರಿನ ಗಾಳಿಯೂ ಸ್ವಲ್ಪ ತಿನ್ನುತ್ತದೆ. ಹಾಗಾಗಿ ಕರಗಿಸಿದ ಕೂಡಲೇ ಪರೀಕ್ಷೆ ಮುಗಿಸಿ. ಶೇಕಡಾ 85ಕ್ಕಿಂತ ಕೆಳಗಿನದನ್ನು ನಾನು ಡೆವಲಪರಿಗೆ ಹಾಕುವುದಿಲ್ಲ. ಹೆಚ್ಚು ಹಾಕಿ ಸರಿದೂಗಿಸಬಹುದು ಎಂಬ ವಾದವಿದೆ, ಅಗ್ಗದ ಪುಡಿಗಾಗಿ ಮತ್ತೆ ತೆಗೆಯಲಾಗದ ಚಿತ್ರಗಳನ್ನು ಪಣಕ್ಕಿಡುವ ವಾದ ಅದು.

ಅಯೋಡಿನ್ ಒಂದನ್ನೇ ನೆಚ್ಚಬೇಡಿ. ಮೆಟಾಬೈಸಲ್ಫೈಟೂ ಬಣ್ಣ ತೆಗೆಯುತ್ತದೆ, ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರಿನ ಹೈಪೋ ಅಂದರೆ ಸೋಡಿಯಂ ಥಯೋಸಲ್ಫೇಟೂ ತೆಗೆಯುತ್ತದೆ. ಪಿಎಚ್ ಕಾಗದ ಇವುಗಳನ್ನು ಬೇರ್ಪಡಿಸುತ್ತದೆ: ಹೈಪೋ ತಟಸ್ಥದ ಆಸುಪಾಸು ಇರುತ್ತದೆ. ಅದರ ಗಟ್ಟಿ ದ್ರಾವಣಕ್ಕೆ ವಿನೆಗರ್ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಗಂಧಕ ಒಡೆದು ಹಾಲಿನಂತೆ ಕದಡುತ್ತದೆ, ಸಲ್ಫೈಟಿನ ದ್ರಾವಣ ತಿಳಿಯಾಗಿಯೇ ಉಳಿದು ಘಾಟು ಮಾತ್ರ ಬಿಡುತ್ತದೆ. ಹೈಪೋ ಡೆವಲಪರಿಗೆ ಸೇರುವುದು ಕೆಟ್ಟದ್ದು, ತೊಟ್ಟು ಸೇರಿದರೂ ನೆಗೆಟಿವಿನ ಮೇಲೆ ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುವ ಮಂಜು ಕಟ್ಟಬಹುದು. ಫಿಕ್ಸರ್ ಅಳೆದ ಲೋಟದಲ್ಲೇ ಡೆವಲಪರ್ ಅಳೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಪುಡಿಯ ಹೆಸರು ಸರಿಯಿದ್ದೂ ತೂಕ ತಪ್ಪುವ ಇನ್ನೊಂದು ದಾರಿ ಸ್ಫಟಿಕದೊಳಗಿನ ನೀರು. ಸೂತ್ರ ಕೇಳುವುದು ಜಲರಹಿತ ಸಲ್ಫೈಟನ್ನು, ಅದು ಸಕ್ಕರೆ ಪುಡಿಯಂತೆ ಒಣಗಿ ಸರಾಗವಾಗಿ ಸುರಿಯುತ್ತದೆ. ಹರಳು ಹರಳಾಗಿ ಸಿಗುವ ಸಲ್ಫೈಟಿನಲ್ಲಿ ಏಳು ಪಾಲು ನೀರು ಸೇರಿರುತ್ತದೆ, 100 ಗ್ರಾಂ ಬದಲು ಅದು 200 ಗ್ರಾಂ ಬೇಕು. ಬೋರಾಕ್ಸಿನಲ್ಲಿ ಇದು ತಲೆಕೆಳಗು. ಸೂತ್ರದ 2 ಗ್ರಾಂ ಹತ್ತು ಪಾಲು ನೀರಿರುವ ಸಾಮಾನ್ಯ ಬಿಳಿಗಾರಕ್ಕೆ ಹೇಳಿದ್ದು. ಪೆಂಟಾಹೈಡ್ರೇಟ್ (ಐದು ಪಾಲು ನೀರಿನದು) ಎಂದು ಬರೆದಿದ್ದರೆ 1.53 ಗ್ರಾಂ ಸಾಕು. ಬೋರಾಕ್ಸಿಗೆ ಬದಲು ಬೋರಿಕ್ ಆಸಿಡ್ ತಂದು ಹಾಕುವವರೂ ಇದ್ದಾರೆ. ಹೆಸರು ಹತ್ತಿರ, ಗುಣ ವಿರುದ್ಧ. ಒಂದು ಕ್ಷಾರ, ಇನ್ನೊಂದು ಆಮ್ಲ. ಆಗ ಡೆವಲಪರ್ ಸಾಯುವುದಿಲ್ಲ, ನಿಧಾನವಾಗುತ್ತದೆ, ನೆಗೆಟಿವ್ ತೆಳುವಾಗುತ್ತದೆ, ಕಾರಣ ಹೊಳೆಯುವುದಿಲ್ಲ. ವಾಷಿಂಗ್ ಸೋಡಾ ಹಾಕಿದರೆ ಅದರ ಉಲ್ಟಾ: ಅಬ್ಬರದ ಡೆವಲಪ್, ಗಡಸು ಕಾಂಟ್ರಾಸ್ಟ್, ಹೆಚ್ಚಿದ ಫಾಗ್, ಅಂದರೆ ಬೆಳಕು ಬೀಳದ ಕಡೆಯೂ ಕವಿಯುವ ಮಸುಕು.

ತಕ್ಕಡಿಯ ಬಗ್ಗೆ ನೀವು ಕೇಳಲಿಲ್ಲ, ನಾನು ಬಿಡುವುದಿಲ್ಲ. 1 ಗ್ರಾಂ ತೋರಿಸುವ ತಕ್ಕಡಿಯಲ್ಲಿ '2' ಎಂದರೆ 1.5ರಿಂದ 2.5ರವರೆಗೆ ಏನೂ ಆಗಿರಬಹುದು. ಮೆಟೋಲಿನಲ್ಲಿ ಕಾಲುಭಾಗದ ಏರುಪೇರು, ಬೋರಾಕ್ಸಿನಲ್ಲಿ ಇನ್ನೊಂದು ಕಾಲುಭಾಗ. ಸಾಲದ್ದಕ್ಕೆ ಇಂಥ ತಕ್ಕಡಿಗಳು ಚೂರುಚೂರಾಗಿ ಉದುರಿಸಿದ ಪುಡಿಯನ್ನು ಗಮನಿಸದೆ ಸೊನ್ನೆಯಲ್ಲೇ ಕೂರುತ್ತವೆ, ನೀವು ಉದುರಿಸುತ್ತಲೇ ಹೋಗುತ್ತೀರಿ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕೇ ಬೇಕು. 100 ಗ್ರಾಂ ಸಲ್ಫೈಟಿಗೆ ನಿಮ್ಮ ಹಳೆಯ ತಕ್ಕಡಿ ಸಾಕು, ಅಲ್ಲಿ ಒಂದೆರಡು ಗ್ರಾಂ ಹೆಚ್ಚುಕಡಿಮೆಯಾದರೂ ಏನೂ ಆಗುವುದಿಲ್ಲ. ಹೊಸ ತಕ್ಕಡಿ ಬರುವವರೆಗೆ ಬೋರಾಕ್ಸಿಗೊಂದು ಉಪಾಯವಿದೆ: 20 ಗ್ರಾಂ ಬೋರಾಕ್ಸನ್ನು 1 ಲೀಟರ್ ನೀರಿನಲ್ಲಿ ಕರಗಿಸಿಟ್ಟರೆ 100 ಮಿಲಿಲೀಟರಿನಲ್ಲಿ ಲೆಕ್ಕವಾಗಿ 2 ಗ್ರಾಂ ಸಿಗುತ್ತದೆ. ಅದು ಕೆಡುವಂಥದ್ದಲ್ಲ. ಮೆಟೋಲಿಗೆ ಈ ಉಪಾಯ ನಡೆಯದು, ನೀರಿನಲ್ಲಿ ಕರಗಿಸಿಟ್ಟ ಮೆಟೋಲ್ ಕಂದಿಹೋಗುತ್ತದೆ. ಚಮಚದ ಅಳತೆ ಯಾವುದಕ್ಕೂ ಬೇಡ, ಪುಡಿ ಎಷ್ಟು ನುಣುಪು, ಎಷ್ಟು ಒತ್ತಿದ್ದೀರಿ ಎಂಬುದರ ಮೇಲೆ ಅದು ಕುಣಿಯುತ್ತದೆ.

ಮೂರನೇ ಲೀಟರನ್ನು ಹೀಗೆ ಮಾಡಿ. ನೈಟ್ರೈಲ್ ಕೈಗವಸು ಮೊದಲು. ಮೆಟೋಲ್ ಕೆಲವರ ಚರ್ಮಕ್ಕೆ ತಾಗಿ ಕಜ್ಜಿ ಏಳಿಸುತ್ತದೆ, ಒಮ್ಮೆ ಶುರುವಾದರೆ ಆಮೇಲೆ ಸ್ವಲ್ಪ ತಾಗಿದರೂ ಮರುಕಳಿಸುತ್ತದೆ. ತೂಗುವಾಗ ಪುಡಿಯ ದೂಳು ಮೂಗು, ಕಣ್ಣಿಗೆ ಹೋಗದಂತೆ ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ. ಪಾತ್ರೆ, ಚಮಚ, ಥರ್ಮಾಮೀಟರ್ ಈ ಕೆಲಸಕ್ಕೇ ಮೀಸಲು, ಅಡುಗೆಮನೆಗೆ ಮರಳಬಾರದು.

750 ಮಿಲಿಲೀಟರ್ ನೀರನ್ನು 50 ಡಿಗ್ರಿಗೆ ತನ್ನಿ. 60 ದಾಟಿಸಬೇಡಿ, ಮೆಟೋಲ್ ಬೇಗ ಕಂದುತ್ತದೆ. 35ಕ್ಕೆ ಇಳಿಸಬೇಡಿ, ಹೈಡ್ರೋಕ್ವಿನೋನ್ ಸತಾಯಿಸುತ್ತದೆ. ಚಿಟಿಕೆ ಸಲ್ಫೈಟ್, ಆಮೇಲೆ ಮೆಟೋಲ್. ಒಂದು ಕಣವೂ ಕಾಣದವರೆಗೆ ಕಲಕಿ, ಕಾಯುವ ತಾಳ್ಮೆ ಬೇಕಾಗುವುದು ಇಲ್ಲೊಂದೇ ಕಡೆ. ಈಗ ಸಲ್ಫೈಟನ್ನು ಚಮಚ ಚಮಚವಾಗಿ, ಕಲಕುತ್ತಲೇ ಹಾಕುತ್ತಾ ಹೋಗಿ. ಒಮ್ಮೆಗೇ ಸುರಿದರೆ ತಳದಲ್ಲಿ ಸಿಮೆಂಟಿನಂತೆ ಗಟ್ಟಿಕಟ್ಟುತ್ತದೆ. ಸುಮಾರು 33 ಡಿಗ್ರಿಗಿಂತ ಕೆಳಗಿನ ನೀರಿನಲ್ಲಿ ಪುಡಿ ನೀರನ್ನು ಹೀರಿ ಹರಳಾಗುವುದರಿಂದ ಹೆಪ್ಪು ಇನ್ನೂ ಗಟ್ಟಿ. ಆ ಹೆಪ್ಪನ್ನು ಕೋಲಿನಿಂದ ಒಡೆದು ಕಲಕಿದರೆ ಕರಗುತ್ತದೆ, ಗಾಬರಿ ಬೇಡ. ಸಲ್ಫೈಟ್ ಬೀಳುವಾಗ ಕ್ಷಣಕಾಲ ಮಬ್ಬಾಗುವುದೂ ಸಹಜ.

ಹೈಡ್ರೋಕ್ವಿನೋನ್ ಸಲ್ಫೈಟ್ ಆದಮೇಲೆಯೇ. ಸಲ್ಫೈಟಿಲ್ಲದ ನೀರಿಗೆ, ಅದರಲ್ಲೂ ಕ್ಷಾರ ಇರುವ ನೀರಿಗೆ ಬಿದ್ದರೆ ಕಣ್ಣೆದುರೇ ಕಂದಾಗುತ್ತದೆ. ಸೂಜಿಯಂಥ ಅದರ ಹರಳುಗಳು ಮೇಲೆ ತೇಲಿ ಐದು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡರೆ ಅದು ಅದರ ಸ್ವಭಾವ. ಕೊನೆಗೆ ಬೋರಾಕ್ಸ್, ಆಮೇಲೆ ತಣ್ಣೀರು ಸೇರಿಸಿ 1 ಲೀಟರಿಗೆ ತನ್ನಿ. 1 ಲೀಟರ್ ನೀರಿಗೇ ಎಲ್ಲ ಪುಡಿ ಹಾಕಿದರೆ ಒಟ್ಟು ಲೀಟರ್ ಮೀರಿ ಡೆವಲಪರ್ ತೆಳುವಾಗುತ್ತದೆ. ಕಲಕುವಾಗ ಸುಳಿ ಏಳಬಾರದು, ಸುಳಿ ಗಾಳಿಯನ್ನು ಒಳಗೆಳೆಯುತ್ತದೆ. ಬಾಟಲಿಗೆ ಹಾಕಿ ಕುಲುಕುವುದಂತೂ ಬೇಡವೇ ಬೇಡ.

ಮುಗಿದ ದ್ರಾವಣ ಬಣ್ಣವಿಲ್ಲದ್ದೋ ತೀರಾ ತೆಳು ಹುಲ್ಲುಬಣ್ಣದ್ದೋ ಆಗಿರಬೇಕು. ಪುಡಿಗಳೇ ಹಳತಾಗಿದ್ದರೆ ಈ ಹುಲ್ಲುಬಣ್ಣ ಬರುತ್ತದೆ. ಮೆಟೋಲ್ ಬೂದು ಅಥವಾ ತೆಳು ಕಂದಾಗಿದ್ದರೂ ಕೆಲಸ ಮಾಡುತ್ತದೆ, ಕಾಫಿಪುಡಿಯ ಬಣ್ಣಕ್ಕೆ ಬಂದಿದ್ದರೆ ಎಸೆಯಿರಿ.

ಈಗ ಫಿಲ್ಮ್ ಹಾಕುವ ಮುನ್ನದ ಪರೀಕ್ಷೆ, ಇದನ್ನು ಮಾಡಿದ್ದರೆ ನಿಮ್ಮ ಎರಡು ರೋಲ್ ಉಳಿಯುತ್ತಿದ್ದವು. 35 ಎಂಎಂ ರೋಲಿನಿಂದ ಹೊರಚಾಚಿ ಬೆಳಕು ಕಂಡ ನಾಲಿಗೆಯ ತುಂಡನ್ನು ಕತ್ತರಿಸಿ, ದೀಪದ ಬೆಳಕಿನಲ್ಲೇ 20 ಡಿಗ್ರಿಯ ಡೆವಲಪರಿಗೆ ಅರ್ಧ ಮುಳುಗಿಸಿ. ಆರೋಗ್ಯವಂತ ಡಿ-76ರಲ್ಲಿ ಬೇಗನೇ ಬೂದು ಬಣ್ಣ ಕಾಣಿಸಿ ಐದು ನಿಮಿಷದೊಳಗೆ ಕಡುಗಪ್ಪಾಗುತ್ತದೆ. ನೀರಿನಿಂದ ತೊಳೆದು ಫಿಕ್ಸ್ ಮಾಡಿ ಬಲ್ಬಿಗೆ ಹಿಡಿದರೆ ಮುಳುಗಿದ ಭಾಗದಲ್ಲಿ ಬಲ್ಬಿನ ಬೆಳಕು ಬಹುತೇಕ ಹಾಯಬಾರದು. ಹಾಗೆ ಬಂದ ತುಂಡನ್ನು ದಿನಾಂಕ ಬರೆದು ಇಟ್ಟುಕೊಳ್ಳಿ, ಮುಂದಿನ ಬಾಟಲಿಗಳನ್ನು ಅದರ ಜೊತೆ ಹೋಲಿಸಬಹುದು. ಕಡುಗಪ್ಪು ಆಗದೆ ಕಂದು ಅಥವಾ ಬೂದು ಬಣ್ಣದಲ್ಲೇ ನಿಂತರೆ ಆ ಬಾಟಲಿಗೆ ಫಿಲ್ಮ್ ಕೊಡಬೇಡಿ. ಈ ಪರೀಕ್ಷೆ ಸತ್ತ ಡೆವಲಪರನ್ನು ತೋರಿಸುತ್ತದೆ, ಶೇಕಡಾ 15ರಷ್ಟು ಸೊರಗಿದ್ದನ್ನು ತೋರಿಸಲಾರದು. ಅದಕ್ಕೆ ಅಂಚಿನ ಅಂಕಿಗಳಿವೆ. ಅವನ್ನು ತಯಾರಕರೇ ಕಾರ್ಖಾನೆಯಲ್ಲಿ ಬೆಳಕು ಕೊಟ್ಟು ಮುದ್ರಿಸಿರುತ್ತಾರೆ. ಅಂಕಿ ಗಟ್ಟಿಯಾಗಿದ್ದು ಚಿತ್ರ ತೆಳುವಾದರೆ ಕ್ಯಾಮೆರಾದಲ್ಲಿ ಬೆಳಕು ಸಾಲಲಿಲ್ಲ. ಎರಡೂ ತೆಳುವಾದರೆ ಡೆವಲಪರ್, ಸಮಯ ಅಥವಾ ಉಷ್ಣತೆಯ ದೋಷ. ಅಂಕಿಯೂ ಇಲ್ಲದೆ ಪೂರ್ತಿ ಖಾಲಿಯಾದರೆ ಡೆವಲಪರ್ ಸತ್ತಿದೆ, ಇಲ್ಲವೇ ಫಿಕ್ಸರ್ ಮೊದಲು ಹೋಗಿದೆ.

ಒಂದು ರೋಲಿಗೆ 250 ಮಿಲಿಲೀಟರ್ ಸ್ಟಾಕ್ (ನೀರು ಬೆರೆಸದ ಮೂಲ ದ್ರಾವಣ) ಎಂಬ ಲೆಕ್ಕ ಹಿಡಿಯಿರಿ, ನೀರು ಬೆರೆಸಿ ಬಳಸಿ ಚೆಲ್ಲುವುದಾದರೂ ಸ್ಟಾಕ್ ಅಷ್ಟಿದ್ದರೆ ನಿಶ್ಚಿಂತೆ. ಬಳಸಿದ್ದನ್ನು ಮರಳಿ ಬಾಟಲಿಗೆ ಸುರಿಯುವ ಆಸೆ ಬೇಡ, ಕಲಿಯುವ ಹಂತದಲ್ಲಿ ಅದು ಇನ್ನೊಂದು ಅನುಮಾನವನ್ನು ಸೇರಿಸುತ್ತದೆ ಅಷ್ಟೇ.

ಸಂಗ್ರಹದಲ್ಲಿ ಡಿ-76ರ ಒಂದು ವಿಚಿತ್ರ ಬುದ್ಧಿ ಇದೆ. ಹಳತಾದಂತೆ ಸೊರಗಬೇಕಲ್ಲವೇ? ಕೆಲವು ವಾರಗಳ ಮೇಲೆ ಅದು ತುಸು ಚುರುಕಾಗುತ್ತದೆ. ಗಾಳಿ, ಹೈಡ್ರೋಕ್ವಿನೋನ್, ಸಲ್ಫೈಟ್ ಮೂರೂ ಸೇರಿ ನಡೆಯುವ ಕ್ರಿಯೆಯಲ್ಲಿ ಕಾಸ್ಟಿಕ್ ಸೋಡಾ ಹುಟ್ಟುತ್ತದೆ, 2 ಗ್ರಾಂ ಬೋರಾಕ್ಸಿಗೆ ಅದನ್ನು ತಡೆಯುವ ಶಕ್ತಿ ಸಾಲದು, ಪಿಎಚ್ ಏರುತ್ತದೆ, ಕಾಂಟ್ರಾಸ್ಟ್ ಹೆಚ್ಚುತ್ತದೆ. ತಿಂಗಳುಗಟ್ಟಲೆ ಇಟ್ಟು ಬಳಸುವವರಿಗೆ ಡಿ-76ಡಿ ಎಂಬ ರೂಪ ಒಳ್ಳೆಯದು: ಮೆಟೋಲ್, ಸಲ್ಫೈಟ್, ಹೈಡ್ರೋಕ್ವಿನೋನ್ ಅಷ್ಟೇ ಇಟ್ಟು ಬೋರಾಕ್ಸ್ 8 ಗ್ರಾಂ, ಬೋರಿಕ್ ಆಸಿಡ್ 8 ಗ್ರಾಂ ಹಾಕುತ್ತಾರೆ. ಆ ಜೋಡಿ ಪಿಎಚ್ಚನ್ನು ಅಲುಗಾಡಲು ಬಿಡುವುದಿಲ್ಲ. ಯಾವುದೇ ಆದರೂ 1 ಲೀಟರನ್ನು 250 ಮಿಲಿಲೀಟರಿನ ನಾಲ್ಕು ಕಂದು ಗಾಜಿನ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ತುಂಬಿದ ಬಾಟಲಿ ಆರು ತಿಂಗಳು ತಡೆಯುತ್ತದೆ, ಅರ್ಧ ಖಾಲಿಯಾದದ್ದು ಎರಡು ತಿಂಗಳು. ಕುಡಿಯುವ ಪಾನೀಯದ ಬಾಟಲಿಗೆ ತುಂಬಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ, ಮಕ್ಕಳ ಕೈಗೆ ಸಿಗದ ಕಡೆ ಇರಲಿ.

ನನ್ನ ಸಲಹೆ ಕೇಳುವುದಾದರೆ, ಡಿ-76ಕ್ಕೆ ಮರಳುವ ಮುನ್ನ ಒಮ್ಮೆ ಡಿ-23 ಮಾಡಿ. ಮೆಟೋಲ್ 7.5 ಗ್ರಾಂ, ಜಲರಹಿತ ಸಲ್ಫೈಟ್ 100 ಗ್ರಾಂ, ನೀರು ಸೇರಿ 1 ಲೀಟರ್, ಅಷ್ಟೇ. ಹೈಡ್ರೋಕ್ವಿನೋನ್ ಇಲ್ಲ, ಬೋರಾಕ್ಸ್ ಇಲ್ಲ, ಕ್ಷಾರ ಪೂರ್ತಿ ಸಲ್ಫೈಟಿನದೇ. ಹಾಗಾಗಿ ಇದು ಡೆವಲಪರೂ ಹೌದು, ನಿಮ್ಮ ಸಲ್ಫೈಟಿನ ಪರೀಕ್ಷೆಯೂ ಹೌದು. ಮೆಟೋಲ್ ಹೆಚ್ಚಿರುವುದರಿಂದ ಸಲ್ಫೈಟನ್ನು ಇನ್ನೂ ನಿಧಾನವಾಗಿ ಹಾಕಬೇಕು, ಚೂರು ಕಂಡರೆ ನಿಲ್ಲಿಸಿ ಕರಗಿಸಿ ಮುಂದುವರಿಯಬೇಕು. ಡಿ-76ರ ಸಮಯಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಇದು ಸರಿಯಾಗಿ ಬಂದು ಡಿ-76 ಮತ್ತೆ ಕೈಕೊಟ್ಟರೆ ಹುಡುಕಬೇಕಾದ ಜಾಗ ಎರಡೇ, ಹೈಡ್ರೋಕ್ವಿನೋನ್ ಮತ್ತು ಬೋರಾಕ್ಸ್.

ಈಗಿರುವ ಎರಡು ಬಾಟಲಿಗಳನ್ನು ಉಳಿಸುವ ಪ್ರಯತ್ನ ಬೇಡ. ಮೊದಲನೆಯದಕ್ಕೆ ಮೆಟೋಲ್ ಸೇರಿಸೋಣವೆಂದರೆ ಎಷ್ಟು ಹೋಗಿದೆ ಎಂದು ಗೊತ್ತಿಲ್ಲ, ಎರಡನೆಯದು ಆಗಲೇ ಕಂದಿದೆ. ಧಾರಾಳ ನೀರಿನೊಂದಿಗೆ ಒಳಚರಂಡಿಗೆ ಬಿಡಿ, ತೋಟಕ್ಕೋ ತೆರೆದ ನೀರಿಗೋ ಅಲ್ಲ, ಹೈಡ್ರೋಕ್ವಿನೋನ್ ಮೀನುಗಳಿಗೆ ವಿಷ. ಆ ಹೊಸ ಪೊಟ್ಟಣಕ್ಕೆ ಅಯೋಡಿನ್ ಪರೀಕ್ಷೆ ಮುಗಿದ ಕೂಡಲೇ ಅದರ ನಿಜವಾದ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಸಲ್ಫೈಟ್ ಇಡುವ ಕಪಾಟಿನಿಂದ ಹೊರಗಿಡಿ.